ಮಗುವನ್ನು ಮಹಾನಗರಕ್ಕೆ ಕಳುಹಿಸುವ ಮುನ್ನ



ಪರೀಕ್ಷೆಯ ಫಲಿತಾಂಶ ಬಂದೊಡನೆ ಯಲಬುರ್ಗಾ ಕಡೆಯ ಮಂಗಳೂರಿನಂಥ ಊರುಗಳಲ್ಲಿ ಅದೇ ಚಿಂತೆ: ಮಗುವನ್ನು ಬೆಂಗಳೂರಿಗೆ ಓದಲು ಕಳುಹಿಸುವುದೇ? ಖರ್ಚಿಗೆ ಏನು ದಾರಿ? ಆಗ ಯಾರಾದರೂ ಹೇಳುತ್ತಾರೆ, ‘ಓದುತ್ತಲೇ ದುಡಿಯಬಹುದು, ಹಣವೂ ಕೈಗೆ ಬರುತ್ತದೆ’ ಎಂದು. ಗುಳೆಯ ಕಷ್ಟವನ್ನು ಕಂಡ ನಮ್ಮ ಸೀಮೆಯವರಿಗೆ ಈ ಮಾತು ಕೇಳಿದರೆ ಆಸೆಯೂ ಆಗುತ್ತದೆ, ಅಂಜಿಕೆಯೂ ಆಗುತ್ತದೆ.

ಈ ಪದ್ಧತಿ ಹೊಸದಲ್ಲ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕರು ಇದನ್ನು ಆರಂಭಿಸಿದರು. 27 ವಿದ್ಯಾರ್ಥಿಗಳು ಒಂದು ವಾರ ತರಗತಿಯಲ್ಲಿ, ಮರುವಾರ ಕಾರ್ಖಾನೆಯಲ್ಲಿ ಕಲಿತರು. ನಮ್ಮಲ್ಲಿ 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2020ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪದವಿ ವ್ಯಾಸಂಗದೊಳಗೇ ಅಪ್ರೆಂಟಿಸ್ ತರಬೇತಿಯನ್ನು ಸೇರಿಸಲು ಮಾರ್ಗಸೂಚಿ ನೀಡಿತು. ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ.

ಹಾಗಾದರೆ ಗುಳೆಗೂ ಇದಕ್ಕೂ ವ್ಯತ್ಯಾಸವೇನು? ಉತ್ತರಕ್ಕಾಗಿ ಸಂತ ಪೌಲರನ್ನು ನೋಡೋಣ. ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯದಲ್ಲಿ ಅವರು ಕೊರಿಂಥ ಎಂಬ ದೊಡ್ಡ ವ್ಯಾಪಾರ ನಗರಕ್ಕೆ ಬರುತ್ತಾರೆ. ಗುಡಾರ ಮಾಡುವುದು ಅವರಿಗೆ ಗೊತ್ತಿದ್ದ ಕಸುಬು. ಅದೇ ಕಸುಬಿನ ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿಗಳ ಮನೆಯಲ್ಲಿ ಉಳಿದು ದುಡಿಯುತ್ತಾರೆ. ಸಬ್ಬತ್ ದಿನ ಬಂದರೆ ಪ್ರಾರ್ಥನಾ ಮಂದಿರದಲ್ಲಿರುತ್ತಾರೆ. ಕಸುಬು, ಮನೆ, ದೇವರ ದಿನ: ಈ ಮೂರೂ ಕೂಡಿದ್ದರಿಂದ ಪರನಗರದಲ್ಲಿಯೂ ಅವರು ನೆಲೆ ಕಂಡರು. ನಮ್ಮ ಮಕ್ಕಳಿಗೂ ಈ ಮೂರೂ ಬೇಕು.

ಮೊದಲನೆಯದು, ಕಸುಬು. ಕೆಲಸ ಓದಿಗೆ ಸಂಬಂಧಿಸಿದೆಯೇ? ಕಲಿಸುವವರು ಯಾರು? ಅಪ್ರೆಂಟಿಸ್ ಎಂದರೆ ಕಡಿಮೆ ಕೂಲಿಯ ಆಳಲ್ಲ, ಕಲಿಯುವವನು. ಲಿಖಿತ ಒಪ್ಪಂದ ಮತ್ತು ಸ್ಟೈಪೆಂಡ್ ಕಾಯ್ದೆ ಕೊಟ್ಟ ಹಕ್ಕು. ಒಪ್ಪಂದವನ್ನು ಪೂರ್ತಿ ಓದಿಸಿ ಕೇಳದೆ ಸಹಿ ಹಾಕಬೇಡಿ. ಕೆಲಸದ ಅವಧಿ ಪದವಿಗೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಕಾಲೇಜಿನಲ್ಲೇ ವಿಚಾರಿಸಿ.

ಎರಡನೆಯದು, ಮನೆ. ಮಗು ಉಳಿಯುವ ಜಾಗವನ್ನು ಒಮ್ಮೆಯಾದರೂ ಕಣ್ಣಾರೆ ನೋಡಿ ಬನ್ನಿ. ಮಗಳಾದರೆ ರಾತ್ರಿ ಪಾಳಿ ಇದೆಯೇ, ಬರುವ ದಾರಿ ಯಾವುದು ಎಂದೂ ಕೇಳಿ. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ತಿಳಿಸಿದರೆ ಅಲ್ಲಿನ ಧರ್ಮಕೇಂದ್ರದ ಪರಿಚಯ ಮಾಡಿಕೊಟ್ಟಾರು.

ಮೂರನೆಯದು, ಭಾನುವಾರ. ವಾರವೆಲ್ಲ ತರಗತಿ, ಕೆಲಸ ಎಂದು ದಣಿದ ಮಗು ಭಾನುವಾರ ಮಲಗಿಬಿಡುವುದು ಸಹಜ. ಬೈದು ಫಲವಿಲ್ಲ. ಬಲಿಪೂಜೆಗೆ ಬಿಡುವು ಸಿಗುತ್ತದೆಯೇ ಎಂದು ಸೇರುವ ಮುನ್ನವೇ ವಿಚಾರಿಸಿ. ಭಾನುವಾರ ಸಂಜೆ ಫೋನು ಮಾಡಿದಾಗ ‘ಹಣ ಬಂತೇ?’ ಎಂದು ಮೊದಲು ಕೇಳಬೇಡಿ, ‘ಊಟ ಆಯಿತೇ? ಪೂಜೆಗೆ ಹೋಗಿದ್ದೆಯಾ?’ ಎಂದು ಕೇಳಿ. ಸ್ಟೈಪೆಂಡ್ ಮನೆಯ ಸಾಲ ತೀರಿಸಲೆಂದು ಕೊಡುವುದಲ್ಲ. ಅದನ್ನೇ ನೆಚ್ಚಿಕೊಂಡರೆ ಮಗು ಓದು ಬಿಟ್ಟು ಬರೀ ದುಡಿಮೆಗೆ ನಿಂತೀತು.

1981ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲ್‌ರವರು ದುಡಿಮೆಯ ಕುರಿತ ತಮ್ಮ ವಿಶ್ವಪತ್ರದಲ್ಲಿ, ಕೆಲಸಕ್ಕಿಂತ ಕೆಲಸ ಮಾಡುವ ವ್ಯಕ್ತಿ ದೊಡ್ಡವನೆಂದು ಬೋಧಿಸಿದರು. ಆ ವ್ಯಕ್ತಿ ಈಗ ನಿಮ್ಮ ಮಗು.

ಮನೆಯಲ್ಲಿ ಚರ್ಚಿಸಿರಿ: ನಮ್ಮ ಮಗುವಿಗೆ ಆ ನಗರದಲ್ಲಿ ಅಕ್ವಿಲ, ಪ್ರಿಸಿಲ್ಲರಂತೆ ಆಸರೆಯಾಗುವವರು ಯಾರು? ನಮ್ಮೂರಿಗೆ ಓದಲು ಬಂದ ಪರವೂರಿನ ಮಕ್ಕಳಿಗೆ ನಾವು ಹಾಗಿದ್ದೇವೆಯೇ?

ಪ್ರಾರ್ಥನೆ: ಕಾರ್ಮಿಕರ ಪಾಲಕರಾದ ಸಂತ ಜೋಸೆಫರೇ, ಯೇಸುಸ್ವಾಮಿಗೆ ಕಸುಬು ಕಲಿಸಿದ ನೀವು, ದೂರದಲ್ಲಿ ಕಲಿಯುತ್ತಾ ದುಡಿಯುತ್ತಿರುವ ನಮ್ಮ ಮಕ್ಕಳ ಜೊತೆಗಿರಿ. ಆಮೆನ್.