ನಸುಕಿನಲ್ಲಿ ಕೆಲಸಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳು



ಕೋಳಿ ಕೂಗುವ ಹೊತ್ತಿಗೆ ನಮ್ಮ ಹಳ್ಳಿಗಳಲ್ಲಿ ಎದ್ದು ಓಡಾಡುವವರು ಯಾರೆಂದು ವಿಚಾರಿಸಿದರೆ, ಬಹುಮಟ್ಟಿಗೆ ಅವರು ಸ್ತ್ರೀಯರೇ ಎಂದು ಕಂಡುಬರುವದು. ಒಬ್ಬಾಕೆ ಒಲೆ ಹಚ್ಚಿ, ಮಕ್ಕಳಿಗೆ ಅಡಿಗೆ ಮಾಡಿಟ್ಟು, ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್ ಕಾರ್ಖಾನೆಯ ವ್ಯಾನು ನಿಲ್ಲುವ ಸ್ಥಳಕ್ಕೆ ಹೊರಡುತ್ತಾಳೆ. ಇನ್ನೊಬ್ಬಾಕೆ ಬಿಸಿಲು ಏರುವ ಮೊದಲೇ ಹೂವು ಬಿಡಿಸುವದಕ್ಕೆ ತೋಟಕ್ಕೆ ಹೋಗುತ್ತಾಳೆ. ಮತ್ತೊಬ್ಬಾಕೆ ಹಾಲಿನ ಕ್ಯಾನು ಹಿಡಿದು ಡೈರಿಯ ಕಡೆಗೆ ನಡೆಯುತ್ತಾಳೆ. ಇವರ ದುಡಿತದಿಂದ ಎಷ್ಟೋ ಮನೆಗಳ ಸಾಲ ತೀರಿದೆ. ಎಷ್ಟೋ ಮಕ್ಕಳ ಶಾಲೆಯ ಫೀಸು ಸಂದಿದೆ. ಈ ಹಣವನ್ನು ನಾವು ಸಂತೋಷದಿಂದ ತೆಗೆದುಕೊಳ್ಳುತ್ತೇವೆ. ಆದರೆ ಮನೆಯ ಬಾಗಿಲಿನಿಂದ ದೊಡ್ಡ ರಸ್ತೆಯ ವರೆಗಿನ ಆ ಅರ್ಧ ಮೈಲಿನ ದಾರಿಯಲ್ಲಿ ಅವರಿಗೆ ಏನು ಸಂಭವಿಸುತ್ತದೆಂದು ನಾವು ಎಂದಾದರೂ ಕೇಳಿದ್ದೇವೋ? ಈ ತಿಂಗಳ ಪಾಠದಲ್ಲಿ ಈ ಒಂದು ವಿಷಯವನ್ನು ಆಲೋಚಿಸೋಣ.

1. ದಾರಿಯ ಸಂಗತಿ

ಬೆಂಗಳೂರಿನಲ್ಲಿಯೂ ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು ಮೊದಲಾದ ಊರುಗಳ ಕಡೆಯಲ್ಲಿಯೂ ಬಟ್ಟೆ ಹೊಲಿಯುವ ಕಾರ್ಖಾನೆಗಳಿವೆ. ಅವುಗಳಲ್ಲಿ ದುಡಿಯುವವರೊಳಗೆ ಹೆಚ್ಚಿನವರು ಸ್ತ್ರೀಯರು; ಅವರಲ್ಲಿ ಅನೇಕರು ಸುತ್ತಲಿನ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಇಲ್ಲವೆ ವ್ಯಾನಿನಲ್ಲಿ ಹೋಗಿಬರುವವರು. 2023ರ ಜೂನ್ 11ರಂದು ರಾಜ್ಯ ಸರಕಾರವು ಶಕ್ತಿ ಯೋಜನೆಯನ್ನು ಆರಂಭಿಸಿ, ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೇಟಿನ ಹಣವಿಲ್ಲದಂತೆ ಮಾಡಿದ್ದರಿಂದ ಅವರ ಕೈಯ ಖರ್ಚು ಹಗುರವಾಯಿತು. ಆದರೆ ಬಸ್ಸು ನಿಲ್ಲುವದು ದೊಡ್ಡ ರಸ್ತೆಯಲ್ಲಿ. ಅಲ್ಲಿಯ ವರೆಗೆ ಹೊಲದ ಬದು, ಕೆರೆಯ ಏರಿ, ಲಾಂಟಾನದ ಪೊದೆಗಳ ನಡುವಣ ಕಾಲುದಾರಿ ಇವುಗಳನ್ನು ನಡೆದೇ ದಾಟಬೇಕು. ಆ ದಾರಿಯಲ್ಲಿ ಕಂಡಕ್ಟರನೂ ಇಲ್ಲ, ಜೊತೆ ಪ್ರಯಾಣಿಕರೂ ಇಲ್ಲ.

ಮತ್ತೊಂದು ಸಂಗತಿಯನ್ನು ಗಮನಿಸತಕ್ಕದ್ದು. ಕಾರ್ಖಾನೆಯ ಗಡಿಯಾರವು ವರುಷವೆಲ್ಲಾ ಒಂದೇ, ಸೂರ್ಯನು ಹಾಗಲ್ಲ. ಬೆಂಗಳೂರಿನ ಸೀಮೆಯಲ್ಲಿ ಜೂನ್ ತಿಂಗಳ ಮೊದಲಿಗೆ ಸೂರ್ಯನು 6 ಗಂಟೆಗೆ ಕೊಂಚ ಮುಂಚೆಯೇ ಮೂಡುತ್ತಾನೆ. ಜನವರಿಯ ಕೊನೆಗಾದರೋ ಸುಮಾರು 6-45ಕ್ಕೆ ಮೂಡುತ್ತಾನೆ. ಆದಕಾರಣ 5-45ಕ್ಕೆ ಮನೆ ಬಿಡುವ ಮಗಳು ಜೂನಿನಲ್ಲಿ ಮುಖ ಗುರುತಾಗುವ ಬೆಳಕಿನಲ್ಲಿ ನಡೆಯುತ್ತಾಳೆ. ಜನವರಿಯಲ್ಲಿ ಅದೇ ಹೊತ್ತಿಗೆ ಅದೇ ದಾರಿಯನ್ನು ಕತ್ತಲೆಯಲ್ಲಿ ನಡೆಯುತ್ತಾಳೆ. “ಆರು ತಿಂಗಳಿಂದ ಹೋಗಿಬರುತ್ತಿದ್ದಾಳೆ, ಏನೂ ಆಗಲಿಲ್ಲವಲ್ಲಾ” ಎಂದು ನಿಶ್ಚಿಂತರಾಗಿರುವ ತಂದೆತಾಯಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಲಿ.

2. ಮೌನದ ಕಾರಣ

ಒಬ್ಬ ಮಗಳ ಸ್ಥಿತಿಯನ್ನು ಊಹಿಸಿ ನೋಡೋಣ. ಒಂದು ದಿನ ನಸುಕಿನಲ್ಲಿ ಒಬ್ಬನು ಮೋಟಾರು ಬೈಕನ್ನು ಅವಳ ಪಕ್ಕಕ್ಕೆ ತಂದು, ವೇಗವನ್ನು ತಗ್ಗಿಸಿ, ಹೆಸರು ಕೇಳುತ್ತಾನೆ. ಅವಳು ತಲೆ ತಗ್ಗಿಸಿ ಬೇಗ ಬೇಗ ನಡೆಯುತ್ತಾಳೆ. ಮರುದಿನ ಅವನು ಹುಣಿಸೇಮರದ ಕೆಳಗೆ ಕಾದು ನಿಂತಿರುತ್ತಾನೆ. ಮೂರನೆಯ ದಿನ ದಾರಿಗೆ ಅಡ್ಡವಾಗಿ ಬೈಕು ನಿಲ್ಲಿಸುತ್ತಾನೆ. ಸಾಯಂಕಾಲ ಅವಳು ಮನೆಗೆ ಬಂದು ಏನು ಹೇಳುತ್ತಾಳೆ? ಏನೂ ಹೇಳುವದಿಲ್ಲ. ಅನ್ನ ಸೇರುವದಿಲ್ಲವೆಂದು ತಾಯಿ ಕೇಳಿದರೆ ತಲೆನೋವು ಎನ್ನುತ್ತಾಳೆ.

ಯಾಕೆ ಹೇಳುವದಿಲ್ಲ? ತನಗೆ ಸಿಕ್ಕುವ ಉತ್ತರವನ್ನು ಅವಳು ಮೊದಲೇ ಬಲ್ಲಳು. ತಂದೆಯು, “ನಾಳೆಯಿಂದ ಕೆಲಸಕ್ಕೆ ಹೋಗಬೇಡ” ಅನ್ನುವನು. ಅಣ್ಣನು, “ನೀನು ನಕ್ಕಿರಬೇಕು, ಇಲ್ಲದಿದ್ದರೆ ಅವನು ಯಾಕೆ ನಿಲ್ಲುತ್ತಾನೆ?” ಅನ್ನುವನು. ನೆರೆಯವರು ಕೇಳಿದರೆ ಹೆಸರು ಕೆಡುವದು. ಇದ್ದಕ್ಕಿದ್ದ ಹಾಗೆ ಯಾವನನ್ನೋ ನೋಡಿ ಮದುವೆ ಗೊತ್ತುಮಾಡುವರು. ಸಂಘದಿಂದ ತೆಗೆದ ಸಾಲದ ಕಂತು ನಿಲ್ಲುವದು. ಹೀಗೆ ತಪ್ಪು ಮಾಡಿದವನ ದಾರಿ ತೆರೆದೇ ಇರುತ್ತದೆ; ತಪ್ಪಿಲ್ಲದವಳ ದಾರಿ ಮುಚ್ಚಿಹೋಗುತ್ತದೆ. ಇದನ್ನೆಲ್ಲಾ ಎಣಿಸಿಯೇ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಆ ಮನುಷ್ಯನಿಗೆ ಬೇಕಾದದ್ದೂ ಅದೇ. ಅವನಿಗೆ ಕತ್ತಲೆಗಿಂತಲೂ ಹೆಚ್ಚು ಸಹಾಯ ಮಾಡುವಂಥದು ನಮ್ಮ ಮನೆಗಳ ಈ ಮೌನವೇ.

ಇಂಥ ಕೆಲಸ ಮಾಡುವವನು ಎಲ್ಲಿಂದಲೋ ಬಂದ ಪರದೇಶಿಯೆಂದು ನಾವು ಭಾವಿಸುವದುಂಟು. ಆದರೆ ಕೇಂದ್ರ ಸರಕಾರದವರು ವರುಷ ವರುಷ ಪ್ರಕಟಿಸುವ ಅಪರಾಧಗಳ ಲೆಕ್ಕವನ್ನು ನೋಡಿದರೆ, ದಾಖಲಾದ ಬಲಾತ್ಕಾರದ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತಲೂ ಹೆಚ್ಚಿನವುಗಳಲ್ಲಿ ಆರೋಪಿಯು ಆ ಸ್ತ್ರೀಗೆ ಗುರುತಿದ್ದವನೇ. ನೆಂಟನೋ, ನೆರೆಯವನೋ, ಅದೇ ಊರಿನವನೋ ಆಗಿರುತ್ತಾನೆ. ಅಂದರೆ ಹುಣಿಸೇಮರದ ಕೆಳಗೆ ನಿಲ್ಲುವವನು ಯಾರ ಮಗನೆಂದು ಊರಿನಲ್ಲಿ ಯಾರಿಗಾದರೂ ತಿಳಿದೇ ಇರುತ್ತದೆ.

3. ಬೇತ್ಲೆಹೇಮಿನ ಹೊಲದಲ್ಲಿ

ನಾವೆಲ್ಲರೂ ಬಲ್ಲ ರೂತಳ ಚರಿತ್ರೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿರಿ. ಅದು ಪರವೂರಿನಲ್ಲಿ ಕೂಲಿಯ ದಾರಿ ಹಿಡಿದ ಒಬ್ಬ ಬಡ ವಿಧವೆಯ ಚರಿತ್ರೆ. ರೂತಳು ಬೆಳಿಗ್ಗೆಯೇ ಒಬ್ಬಳೇ ಹಕ್ಕಲಾಯುವದಕ್ಕೆ ಹೊರಟಳು. ಗಂಡಾಳುಗಳು ತುಂಬಿದ್ದ ಹೊಲದಲ್ಲಿ ಅವಳಿಗೆ ಹಿಂಸೆಯಾಗಬಹುದೆಂಬ ಭಯ ಆ ಕಾಲದಲ್ಲಿಯೂ ಇತ್ತು. ಎರಡನೆಯ ಅಧ್ಯಾಯದಲ್ಲಿ ಬೋವಜನೂ ನೊವೊಮಿಯೂ ಅದನ್ನು ಮರೆಮಾಡದೆ ಆಡಿದ್ದಾರೆ.

ಬೋವಜನು ಮಾಡಿದ್ದೇನು? ತನ್ನ ಹೆಣ್ಣಾಳುಗಳ ಸಂಗಡಲೇ ಇರಬೇಕೆಂದು ರೂತಳಿಗೆ ಹೇಳಿದನು. ಅಷ್ಟಕ್ಕೆ ಬಿಡದೆ, ಅವಳನ್ನು ಮುಟ್ಟಕೂಡದೆಂದು ಗಂಡಾಳುಗಳಿಗೆ ಅಪ್ಪಣೆ ಕೊಟ್ಟನು; ಬಾಯಾರಿದಾಗ ಅವರು ಸೇದಿಟ್ಟ ನೀರನ್ನೇ ಕುಡಿಯುವ ಸ್ವಾತಂತ್ರ್ಯವನ್ನೂ ಅವಳಿಗೆ ಕೊಟ್ಟನು. ಅವನು ಆಜ್ಞಾಪಿಸಿದ್ದು ಪರವೂರಿನವರಿಗಲ್ಲ, ತನ್ನ ಸ್ವಂತ ಆಳುಗಳಿಗೆ ಎಂಬುದನ್ನು ಗಮನಿಸಿರಿ.

ನೊವೊಮಿಯು ಮಾಡಿದ್ದೇನು? ಸಾಯಂಕಾಲ ಸೊಸೆ ಮನೆಗೆ ಬಂದ ಕೂಡಲೆ, ಈ ಹೊತ್ತು ಎಲ್ಲಿ ಆಯ್ದೆ ಎಂದು ವಿಚಾರಿಸಿದಳು. ರೂತಳು ನಡೆದದ್ದನ್ನೆಲ್ಲಾ ಹೇಳಿದಳು. ಅತ್ತೆಯು ಸಿಟ್ಟಾಗಲಿಲ್ಲ, ಸಂಶಯಪಡಲಿಲ್ಲ, ಇನ್ನು ಹೊರಗೆ ಹೋಗಬೇಡವೆಂದೂ ಹೇಳಲಿಲ್ಲ. ಆ ಹೆಂಗಸರ ಜೊತೆಯನ್ನು ಬಿಡಬೇಡ, ಬೇರೆ ಹೊಲದಲ್ಲಿ ಅಪಾಯವಾದೀತು ಎಂದು ಬುದ್ಧಿ ಹೇಳಿದಳು. ಹೀಗಾದದ್ದರಿಂದ ರೂತಳು ಜವೆಗೋದಿಯ ಸುಗ್ಗಿ ಮುಗಿದು ಗೋದಿಯ ಸುಗ್ಗಿಯೂ ಮುಗಿಯುವ ತನಕ ಕೆಲಸ ಮಾಡಿದಳು. ಅವಳು ಹೇಳಿದಳು, ಕೇಳುವವರಿದ್ದರು. ಗಂಡಸರಿಗೆ ಎಚ್ಚರಿಕೆ ಬಿತ್ತು, ಕೂಲಿ ತಪ್ಪಲಿಲ್ಲ. ನಮ್ಮ ಪಾಠದ ಸಾರವೆಲ್ಲಾ ಇದರಲ್ಲಿದೆ.

4. ನಾವು ಮಾಡತಕ್ಕ ಕಾರ್ಯಗಳು

ಮೊದಲನೆಯದಾಗಿ, ಮನೆಯವರು. ನಿಮ್ಮ ಮಗಳಿಗೆ ಇಂದೇ, ಏನೂ ನಡೆಯುವ ಮೊದಲೇ ಒಂದು ಮಾತು ಕೊಡಿರಿ: “ಅಮ್ಮಾ, ದಾರಿಯಲ್ಲಿ ಯಾರಾದರೂ ತೊಂದರೆ ಕೊಟ್ಟರೆ ನಮಗೆ ಹೇಳು. ನಾವು ನಿನ್ನನ್ನು ಬೈಯುವದಿಲ್ಲ. ನಿನ್ನ ಕೆಲಸವನ್ನೂ ಬಿಡಿಸುವದಿಲ್ಲ.” ಮಾತು ಕೊಟ್ಟ ಮೇಲೆ ಅದನ್ನು ನಡಿಸಿರಿ. ಹತ್ತು ಬೀಗಗಳಿಗಿಂತ ಈ ಮಾತು ಹೆಚ್ಚು ಕಾಪಾಡುವದು. ಯಾಕಂದರೆ ಮೊದಲನೆಯ ದಿನವೇ ತಿಳಿದ ಸಂಗತಿಯನ್ನು ಮೊದಲನೆಯ ದಿನವೇ ತಡೆಯಬಹುದು.

ಎರಡನೆಯದಾಗಿ, ನಡೆಯುವವರು. ಒಂದೇ ಕಡೆಗೆ ಹೋಗುವ ಸ್ತ್ರೀಯರು ಹೊತ್ತು ಗೊತ್ತುಮಾಡಿಕೊಂಡು ಒಂದು ಮನೆಯ ಜಗಲಿಯಲ್ಲಿ ಕೂಡಿ, ಒಟ್ಟಿಗೆ ಹೊರಡಲಿ. ಒಬ್ಬಾಕೆ ಬಾರದಿದ್ದರೆ ಅವಳ ಮನೆಗೆ ಫೋನು ಮಾಡದೆ ಮುಂದೆ ಹೋಗದಿರಲಿ. ಟಾರ್ಚನ್ನು ಕಾಲಿನ ಮುಂದೆ ಹಿಡಿದರೆ ಹಾವು ಕಂಡೀತು. ರಸ್ತೆಯ ಬಲಗಡೆಯ ಅಂಚಿನಲ್ಲಿ, ಗಾಡಿಗಳಿಗೆ ಎದುರಾಗಿ ನಡೆದರೆ, ಹತ್ತಿರದಿಂದ ಹಾಯುವ ಗಾಡಿಗಳು ಎದುರಿಗೇ ಕಾಣುವವು. ಹಿಂದಿನಿಂದ ಬರುವ ಬೈಕು ಸುಲಭವಾಗಿ ಪಕ್ಕಕ್ಕೆ ಸೇರಲಾರದು. ದಾರಿಯಲ್ಲಿ ಕಿವಿಗೆ ಹಾಡು ಹಚ್ಚಿಕೊಳ್ಳದಿರುವದು ಒಳ್ಳೇದು. ಆದರೆ ಇವುಗಳಲ್ಲಿ ಒಂದನ್ನು ಮರೆತವಳು ತನಗಾದ ಕೇಡಿಗೆ ಕಾರಣಳೆಂದು ಯಾರೂ ಹೇಳಕೂಡದು. ಹೊಲದಲ್ಲಿ ಹಿಂಸೆಗೆ ಸಿಕ್ಕಿ ಕೂಗಿಕೊಂಡವಳಲ್ಲಿ ದೋಷವಿಲ್ಲವೆಂದು ಮೋಶೆಯ ಧರ್ಮಶಾಸ್ತ್ರವೂ ತೀರ್ಮಾನಿಸಿದೆ.

ಮೂರನೆಯದಾಗಿ, ಗಂಡಸರು. ಚಹದ ಅಂಗಡಿಯಲ್ಲಿ ಕೂತು ಹೋಗಿಬರುವವರನ್ನು ನೋಡಿ ಹಾಸ್ಯಮಾಡುವವರಲ್ಲಿ ನಮ್ಮ ಹುಡುಗರೂ ಇದ್ದಾರೋ? ಇದ್ದರೆ ಬೋವಜನಂತೆ ನಮ್ಮವರಿಗೇ ಮೊದಲು ಹೇಳೋಣ. ತಪ್ಪು ಮಾಡಿದವನು ನಮಗೆ ಕೂಲಿ ಕೊಡುವ ಜಮೀನುದಾರನ ಮಗನಾದರೆ, ಕಟ್ಟೆಯ ಮೇಲೆ ಕೂತು ರಾಜಿ ಮಾಡಿ ಮುಗಿಸಿಬಿಡುವ ಶೋಧನೆ ಹಿರಿಯರಿಗೆ ಬರುವದುಂಟು. ಬಡವರ ಕಷ್ಟವನ್ನು ನಾವು ಅರಿಯದವರಲ್ಲ. ಆದರೂ ಆ ಮಗಳನ್ನು ಕೇಳದೆ, ಅವಳ ಬೆನ್ನ ಹಿಂದೆ ಮಾಡಿದ ರಾಜಿಯು ರಾಜಿಯಲ್ಲ. ಅದು ಅವಳನ್ನು ಮಾರಿದಂತೆಯೇ.

ನಾಲ್ಕನೆಯದಾಗಿ, ಊರು. ಬೀದಿಯ ದೀಪವು ಗ್ರಾಮ ಪಂಚಾಯಿತಿಯ ಕೆಲಸ. ಯಾವ ಕಂಬದ ದೀಪ ಉರಿಯುವದಿಲ್ಲ, ಯಾವ ತಿರುವಿನಲ್ಲಿ ಪೊದೆ ಬೆಳೆದಿದೆ ಎಂಬುದನ್ನು ನಡೆಯುವ ಸ್ತ್ರೀಯರನ್ನೇ ಕೇಳಿ ಬರೆದು, ಅವರ ಸಹಿ ಹಾಕಿಸಿ, ಗ್ರಾಮಸಭೆಯಲ್ಲಿ ಅರ್ಜಿಯಾಗಿ ಕೊಡಿರಿ. ಪೊದೆಯನ್ನು ಕಡಿಯುವದಕ್ಕೆ ಅರ್ಜಿಯೂ ಬೇಡ. ಒಂದು ಶನಿವಾರ ಹತ್ತು ಮಂದಿ ಯೌವನಸ್ಥರು ಕುಡುಗೋಲು ಹಿಡಿದರೆ ಸಾಕು.

5. ಕಾಯಿದೆಯು ಹೇಳುವದೇನು

ಈ ಸಂಗತಿಗಳನ್ನು ಓದಬಲ್ಲವರು ಓದಲಾರದವರಿಗೆ ತಿಳಿಸಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನ ಪ್ರಕಾರ, ಸ್ತ್ರೀಯು ತನಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿದರೂ ಮತ್ತೆ ಮತ್ತೆ ಅವಳನ್ನು ಹಿಂಬಾಲಿಸಿ ಮಾತಿಗೆಳೆಯುವದು ಅಪರಾಧ. ಮೊದಲನೆಯ ಸಾರಿಗೆ 3 ವರುಷಗಳ ವರೆಗೂ, ಮತ್ತೆ ಮಾಡಿದರೆ 5 ವರುಷಗಳ ವರೆಗೂ ಸೆರೆಯುಂಟು. ಅವಳ ಮಾನಕ್ಕೆ ಕುಂದು ತರಬೇಕೆಂದು ಮೈಮೇಲೆ ಕೈಮಾಡಿದವನಿಗೆ 74ನೆಯ ಕಲಮಿನಂತೆ 1 ವರುಷಕ್ಕೆ ಕಡಿಮೆಯಿಲ್ಲದ, 5 ವರುಷಗಳ ವರೆಗಿನ ಸೆರೆಯುಂಟು. ಆದಕಾರಣ “ಅವನು ಬರೇ ಹಿಂದೆ ಬಂದನಷ್ಟೆ” ಎಂದು ಠಾಣೆಯಲ್ಲಾಗಲಿ ಮನೆಯಲ್ಲಾಗಲಿ ಯಾರೂ ತಳ್ಳಿಹಾಕಕೂಡದು.

ಅಪಾಯದ ವೇಳೆಯಲ್ಲಿ 112ಕ್ಕೆ ಫೋನು ಮಾಡಬೇಕು. ಸ್ತ್ರೀಯರ ಸಹಾಯಕ್ಕೆ 181 ಎಂಬ ಸಂಖ್ಯೆಯೂ ಇದೆ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. “ಇದು ನಮ್ಮ ಸರಹದ್ದಲ್ಲ” ಎಂದು ಹಿಂದಕ್ಕೆ ಕಳುಹಿಸುವ ಹಕ್ಕು ಅವರಿಗಿಲ್ಲ. ಬರೆದುಕೊಂಡ ದೂರಿನ ಒಂದು ಪ್ರತಿಯನ್ನು ಹಣ ತೆಗೆದುಕೊಳ್ಳದೆ ಕೊಡಬೇಕು. ಬಲಾತ್ಕಾರಕ್ಕೆ ಗುರಿಯಾದವಳಿಗೆ ಸರಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಕೂಡಲೆ ಉಚಿತವಾಗಿ ಚಿಕಿತ್ಸೆ ಮಾಡತಕ್ಕದ್ದು.

ಧಣಿಗಳಿಗೂ ಕರ್ತವ್ಯವುಂಟು. ಕೆಲಸದ ಸ್ಥಳದಲ್ಲಿ ಸ್ತ್ರೀಯರಿಗೆ ಆಗುವ ಲೈಂಗಿಕ ಕಿರುಕುಳವನ್ನು ತಡೆಯುವದಕ್ಕೆ 2013ರಲ್ಲಿ ಆದ ಕಾಯಿದೆಯು, ಕೆಲಸಕ್ಕಾಗಿ ಧಣಿಯು ಒದಗಿಸುವ ವಾಹನವನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ವ್ಯಾನಿನ ಡ್ರೈವರನು ಕೈ ತಗಲಿಸಿದರೆ ಅದಕ್ಕೆ ಕಾರ್ಖಾನೆಯು ಉತ್ತರ ಹೇಳಬೇಕು. ಹತ್ತು ಮಂದಿಯಾಗಲಿ ಅದಕ್ಕಿಂತ ಹೆಚ್ಚಾಗಲಿ ದುಡಿಯುವಲ್ಲಿ ದೂರನ್ನು ವಿಚಾರಿಸುವ ಸಮಿತಿ ಇರಲೇಬೇಕು. ಅದಕ್ಕೂ ಕಡಿಮೆ ಜನವಿರುವ ಕಡೆಯವರೂ ಮನೆಗೆಲಸದವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಸಂಗತಿ ನಡೆದ 3 ತಿಂಗಳೊಳಗೆ ದೂರನ್ನು ಬರೆದು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳ ಅವಕಾಶವನ್ನು ಕೊಡಬಹುದು. ವ್ಯಾನು ಊರೊಳಗೆ ಬರುವಂತೆ ಹತ್ತು ಮಂದಿ ಸ್ತ್ರೀಯರು ಒಂದಾಗಿ ಕೇಳಿಕೊಂಡರೆ, ಒಬ್ಬಳ ಮಾತಿಗೆ ಸಿಕ್ಕದ ಉತ್ತರವು ಸಿಕ್ಕೀತು.

6. ಕಡೆಯ ಮಾತು

ಪ್ರಿಯರೇ, ಹೆಣ್ಣುಮಗಳನ್ನು ಮನೆಯಲ್ಲಿ ಕೂಡಿಹಾಕಿದರೆ ದಾರಿ ಸುರಕ್ಷಿತವಾಗುವದಿಲ್ಲ. ದಾರಿಯಲ್ಲಿ ಹೆಂಗಸರೇ ಇಲ್ಲದಂತಾಗುವದು. ಆಮೇಲೆ ಬಡತನದಿಂದ ಹೊರಡಲೇಬೇಕಾದ ಯಾವಳೋ ಒಬ್ಬ ವಿಧವೆಯು ಅಲ್ಲಿ ಇನ್ನೂ ಒಬ್ಬಂಟಿಗಳಾಗುವಳು. ಹೋಗುವವರು ಹೆಚ್ಚಾಗಲಿ, ಜೊತೆಯಾಗಿ ಹೋಗಲಿ. ಮನೆಗೆ ಬಂದಾಗ ನೊವೊಮಿಯಂತೆ ಕೇಳುವವರೂ ಇರಲಿ.

ಮನೆಯಲ್ಲಿಯೂ ಕೂಟದಲ್ಲಿಯೂ ಆಲೋಚಿಸತಕ್ಕ ಪ್ರಶ್ನೆಗಳು:

(1) ನಮ್ಮ ಊರಿನಿಂದ ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಹೋಗುವ ಸ್ತ್ರೀಯರು ಎಷ್ಟು ಮಂದಿ? ಅವರಲ್ಲಿ ಒಬ್ಬರೇ ಹೋಗುವವರು ಯಾರು ಯಾರು?

(2) ಅವರು ಹೆದರುವ ಸ್ಥಳ ಯಾವುದು? ಅದನ್ನು ನಾವು ನಸುಕಿನಲ್ಲಿ ಹೋಗಿ ನೋಡಿದ್ದೇವೋ?

(3) ನನ್ನ ಮಗಳು ನನಗೆ ಹೇಳದೆ ಇಟ್ಟುಕೊಂಡ ಸಂಗತಿ ಇದ್ದರೆ, ಅವಳು ಹೇಳದಂತೆ ಮಾಡಿದ ನನ್ನ ಮಾತು ಯಾವುದು?