ಎಲೆ ಬಿಟ್ಟ ಗಿಡ, ಜೀವ ಬಿಟ್ಟಿಲ್ಲ

ಪ್ರಶ್ನೆ: ಏಪ್ರಿಲ್‌ನಲ್ಲಿ ಜೈಸಲ್ಮೇರ್ ಕಡೆ ಪ್ರವಾಸ ಹೋಗಿದ್ದೆವು. ದಾರಿಯುದ್ದಕ್ಕೂ ಎಲೆಯೇ ಇಲ್ಲದ ಪೊದೆಗಳು. ಒಣಗಿ ಸತ್ತಿರಬೇಕು ಅಂದುಕೊಂಡರೆ ಒಂದೆರಡರ ಮೈತುಂಬ ಕೆಂಪು ಹೂ! ಎಲೆ ಇಲ್ಲದ ಗಿಡ ಆಹಾರ ಹೇಗೆ ತಯಾರಿಸುತ್ತದೆ? ಆಡು, ಒಂಟೆ ಮೇಯ್ದು ಬೋಳು ಮಾಡಿದರೂ ಮತ್ತೆ ಚಿಗುರುತ್ತದೆಯೇ? ‘ಈ ನೆಲದಲ್ಲಿ ಏನೂ ಬೆಳೆಯುವುದಿಲ್ಲ, ಅದಕ್ಕೇ ಸೋಲಾರ್ ಹಾಕುತ್ತಿದ್ದಾರೆ’ ಎಂದರು ನಮ್ಮ ಕಾರಿನ ಚಾಲಕರು. ಅದು ನಿಜವೇ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ನೀವು ನೋಡಿದ ಕೆಂಪು ಹೂವಿನ ಪೊದೆ ಕೇರ್ ಇರಬೇಕು. ಸಾಯುವುದಿರಲಿ, ಅದಕ್ಕೆ ಅದು ಸುಗ್ಗಿಯ ಕಾಲ. ಮಾರ್ಚ್-ಏಪ್ರಿಲ್‌ನಲ್ಲಿ ಇಟ್ಟಿಗೆ ಬಣ್ಣದ ಹೂ ಬಿಟ್ಟು, ಬಿಸಿಲು ಏರುತ್ತಿದ್ದಂತೆ ಗೋಲಿಗಿಂತ ಚಿಕ್ಕ ಹಸಿರು ಕಾಯಿ ಕಟ್ಟುತ್ತದೆ. ಅಲ್ಲಿನ ಹೋಟೆಲಿನಲ್ಲಿ ‘ಕೇರ್-ಸಾಂಗ್ರಿ’ ಪಲ್ಯ ತಿಂದಿದ್ದರೆ ಅದರಲ್ಲಿದ್ದ ಗುಂಡನೆಯ ಕಾಯಿ ಇದೇ. ಉದ್ದನೆಯ ಕಡ್ಡಿಯಂಥದ್ದು ಖೇಜಡಿ ಮರದ ಎಳೆ ಕಾಯಿ. ಖೇಜಡಿ ಅಂದರೆ ಬೇರೆ ಯಾವುದೋ ಅಲ್ಲ, ನಮ್ಮ ಬನ್ನಿ. ವಿಜಯದಶಮಿಗೆ ನಾವು ಬಂಗಾರವೆಂದು ಎಲೆ ಹಂಚುವ ಮರ ಅಲ್ಲಿ ತರಕಾರಿ, ಮೇವು, ಸೌದೆ, ನೆರಳು ಎಲ್ಲವೂ.

ಸಂಸ್ಕೃತದವರು ಕರೀರ ಎನ್ನುವುದು ಈ ಕೇರ್ ಗಿಡವನ್ನೇ. ಭರ್ತೃಹರಿ ನೀತಿಶತಕದಲ್ಲಿ ಹಣೆಬರಹಕ್ಕೆ ಉದಾಹರಣೆಯಾಗಿ ಎಲೆಯಿಲ್ಲದ ಕರೀರವನ್ನು ತರುತ್ತಾನೆ. ಕವಿಗೆ ಹಾಗೆ ಕಂಡಿದ್ದರಲ್ಲಿ ತಪ್ಪಿಲ್ಲ. ಆದರೆ ಗಿಡದ ಕಡೆಯಿಂದ ನೋಡಿದರೆ ಎಲೆ ಸಿಗದೇ ಹೋದದ್ದಲ್ಲ, ಲೆಕ್ಕ ಹಾಕಿ ಬೇಡವೆಂದು ಬಿಟ್ಟದ್ದು.

ಆ ಲೆಕ್ಕ ನೀರಿನದು. ಎಲೆಯ ಮೈಮೇಲಿನ ಸೂಕ್ಷ್ಮ ರಂಧ್ರಗಳು ತೆರೆದರೇನೇ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು; ತೆರೆದಷ್ಟು ಹೊತ್ತೂ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತಿರುತ್ತದೆ. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರ್‌ಗೂ ಕಡಿಮೆ, ಬೀಳುವುದೂ ಎರಡು-ಮೂರು ತಿಂಗಳಲ್ಲಿ. ಬರಪೀಡಿತವೆಂದು ಹೆಸರಾದ ನಿಮ್ಮ ಕೊಪ್ಪಳಕ್ಕೂ ಅದರ ಎರಡು ಪಟ್ಟಿಗಿಂತ ಹೆಚ್ಚು ಬರುತ್ತದೆ. ನೆಲದಲ್ಲಿ ನೀರು ತೀರಾ ಕಡಿಮೆಯಾದಾಗ ಬೇರಿನಿಂದ ಮೇಲಕ್ಕೆ ನೀರೆಳೆಯುವ ಸಣ್ಣ ನಾಳಗಳಲ್ಲಿ ಗಾಳಿಗುಳ್ಳೆ ಸೇರಿಕೊಂಡು ಹರಿವು ಕಡಿಯುತ್ತದೆ. ಇದು ಕಾಂಡದಲ್ಲಿ ಆದರೆ ರೆಂಬೆಯೇ ಹೋಯಿತು. ಎಲೆಯಲ್ಲೋ ಎಲೆತೊಟ್ಟಿನಲ್ಲೋ ಆದರೆ ಹೋಗುವುದು ಎಲೆ ಮಾತ್ರ. ಕಷ್ಟ ಬಂದಾಗ ಮನೆಯವರು ಮೊದಲು ತಾಮ್ರದ ಕೊಡ ಮಾರುತ್ತಾರೆ, ಹೊಲಕ್ಕೆ ಕೈಹಾಕುವುದು ಕೊನೆಗೆ. ಗಿಡಕ್ಕೆ ಎಲೆ ತಾಮ್ರದ ಕೊಡ, ಕಾಂಡ ಮತ್ತು ಬೇರು ಹೊಲ.

ಮಾರುವಾಗಲೂ ಸುಮ್ಮನೆ ಎಸೆಯುವುದಿಲ್ಲ. ಉದುರುವ ಮೊದಲು ಎಲೆಯಲ್ಲಿರುವ ಸಾರಜನಕ, ರಂಜಕಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಗಿಡ ಹಿಂದಕ್ಕೆ ಎಳೆದುಕೊಂಡು ರೆಂಬೆಯಲ್ಲಿ ಇಟ್ಟುಕೊಳ್ಳುತ್ತದೆ. ಎಲೆ ಹಳದಿಯಾಗುವುದು ಈ ಹೊತ್ತಿನಲ್ಲಿ. ಆಮೇಲೆ ತೊಟ್ಟಿನ ಬುಡದಲ್ಲಿ ಜೀವಕೋಶಗಳ ಒಂದು ತೆಳು ಪದರ ಸಡಿಲಾಗಿ, ಅದರ ಹಿಂದೆ ಗಾಯ ಮುಚ್ಚುವ ಇನ್ನೊಂದು ಪದರ ಬೆಳೆಯುತ್ತದೆ. ಗಾಳಿ ಬೀಸಿದರೆ ಎಲೆ ಕಳಚುತ್ತದೆ, ಒಂದು ಹನಿ ರಸವೂ ಜಿನುಗುವುದಿಲ್ಲ. ಆಡು ಬಾಯಿ ಹಾಕಿ ಕಿತ್ತ ಎಲೆಗೂ ಗಿಡ ತಾನೇ ಉದುರಿಸಿದ ಎಲೆಗೂ ಇಲ್ಲಿದೆ ವ್ಯತ್ಯಾಸ: ಕಿತ್ತದ್ದರಲ್ಲಿ ಗಿಡಕ್ಕೆ ಏನೂ ವಾಪಸು ಬರುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನು ಅಡುಗೆಯ ಪ್ರಶ್ನೆ. ಇನ್ನೊಮ್ಮೆ ಆ ಕಡೆ ಹೋದರೆ ಕೇರ್‌ನ ಒಂದು ಎಳೆ ರೆಂಬೆಯನ್ನು ಹತ್ತಿರದಿಂದ ನೋಡಿ. ಗೆಣ್ಣು ಗೆಣ್ಣಿಗೆ ಜೋಡಿ ಮುಳ್ಳು, ತೆಳುವಾಗಿ ಮೇಣ ಹಚ್ಚಿದಂಥ ನುಣುಪು, ಬಣ್ಣ ಮಾತ್ರ ಅಪ್ಪಟ ಹಸಿರು. ಪತ್ರಹರಿತ್ತು ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಪತ್ರದಲ್ಲೇ ಇರಬೇಕೆಂದಿಲ್ಲ, ಇಲ್ಲಿ ಅದು ತೊಗಟೆಯಲ್ಲಿದೆ. ಹೊಸ ಚಿಗುರಿನಲ್ಲಿ ಸಣ್ಣ ಎಲೆಗಳು ಬರುತ್ತವೆ, ಬಂದಷ್ಟೇ ಬೇಗ ಉದುರುತ್ತವೆ. ವರ್ಷದ ಅಡುಗೆಯೆಲ್ಲ ಕಾಂಡದ್ದು. ನಮ್ಮ ಹೊಲದ ಬೇಲಿಯ ಬೊಂತೆಗಳ್ಳಿಯೂ ಇದೇ ಪಂಗಡ. ಅದರಲ್ಲಿ ಎಲೆ ಹುಡುಕಿದವರು ಕಡಿಮೆ, ಆದರೂ ಅದು ಸತ್ತಿದೆ ಎಂದು ಯಾರೂ ಅನ್ನುವುದಿಲ್ಲ.

ಕಾಂಡದ ಅಡುಗೆಯಲ್ಲಿ ಒಂದು ಜಾಣತನವಿದೆ. ಗಿಡವೂ ಉಸಿರಾಡುತ್ತದೆ, ಆಗ ಒಳಗೇ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಹಸಿರು ತೊಗಟೆ ಅದನ್ನು ಹೊರಗೆ ಬಿಡದೆ ಹಿಡಿದು ಮತ್ತೆ ಸಕ್ಕರೆ ಮಾಡಿಕೊಳ್ಳುತ್ತದೆ. ಅಷ್ಟರಮಟ್ಟಿಗೆ ರಂಧ್ರ ತೆರೆಯುವ, ನೀರು ಕಳೆದುಕೊಳ್ಳುವ ಪ್ರಮೇಯ ತಪ್ಪಿತು. ಸಂಪಾದನೆ ಎಲೆಯಷ್ಟು ದೊಡ್ಡದಲ್ಲ, ಬೆಳವಣಿಗೆ ನಿಧಾನ. ನಿಧಾನವಾದರೂ ಬರದ ವರ್ಷ ದಾಟುತ್ತದೆ.

ಎಲ್ಲ ಗಿಡಗಳದೂ ಒಂದೇ ದಾರಿಯಲ್ಲ. ಅಮೆರಿಕದ ಸೊನೊರನ್ ಮರುಭೂಮಿಯ ಒಕೊಟಿಯೊ ಎಂಬ ಪೊದೆ ಒಳ್ಳೆಯ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಮೈತುಂಬ ಎಲೆ ಹೊದೆಯುತ್ತದೆ, ನೆಲ ಒಣಗಿದರೆ ಎಲ್ಲವನ್ನೂ ಕೆಡವುತ್ತದೆ, ಒಂದೇ ವರ್ಷದಲ್ಲಿ ಇದನ್ನು ಹಲವು ಸಲ ಮಾಡುತ್ತದೆ. ನಮ್ಮ ಥಾರ್‌ನ ಮರಳುದಿಬ್ಬಗಳ ಮೇಲಿನ ಫೋಗ್ ಇನ್ನೂ ಒಂದು ಹೆಜ್ಜೆ ಮುಂದೆ. ಅದಕ್ಕೆ ಉದುರಿಸಲು ಎಲೆಯೇ ಇಲ್ಲವೆನ್ನಬಹುದು. ಎಲೆಯ ಕೆಲಸ ಮಾಡುವ ಎಳೆಯ ಹಸಿರು ಕಡ್ಡಿಗಳಲ್ಲೇ ಒಂದಷ್ಟನ್ನು ಉದುರಿಸಿ, ಬಿಳಿಚಿದ ಹಳೆಯ ರೆಂಬೆಗಳನ್ನು ಉಳಿಸಿಕೊಳ್ಳುತ್ತದೆ. ಬೇರು ಮರಳಿನಡಿ ಅಕ್ಕಪಕ್ಕಕ್ಕೆ ಮೀಟರುಗಟ್ಟಲೆ ಹರಡಿ ದಿಬ್ಬವನ್ನೇ ಹಿಡಿದಿಟ್ಟಿರುತ್ತದೆ. ಇದರ ಮೊಗ್ಗು-ಹೂಗಳನ್ನು ಅಲ್ಲಿಯ ಹೆಂಗಸರು ಮೊಸರಿಗೆ ಹಾಕಿ ರಾಯತ ಮಾಡುತ್ತಾರೆ.

ಗುಗ್ಗುಲದ ಕಥೆ ಮಾತ್ರ ಬೇಸರದ್ದು. ವರ್ಷದ ಹೆಚ್ಚಿನ ಭಾಗ ಎಲೆಯಿಲ್ಲದೆ ನಿಲ್ಲುವ ಈ ಪೊದೆಯ ಹೊರತೊಗಟೆ ಕಾಗದದ ಹಾಳೆಯಂತೆ ಸುರುಳಿ ಸುರುಳಿಯಾಗಿ ಸುಲಿಯುತ್ತದೆ. ಹಾಳೆ ಎತ್ತಿ ನೋಡಿದರೆ ಕೆಳಗೆ ಹಸಿರು. ಆ ಹಸಿರೇ ಅದರ ಅಡುಗೆಮನೆ. ಆಯುರ್ವೇದದ ಗುಗ್ಗುಲದ ಅಂಟು ಬೇಕಾದವರು ಗಾಯ ಮಾಡುವುದೂ ಆ ತೊಗಟೆಗೇ. ಅಂಟು ಹೆಚ್ಚು ಬರಲೆಂದು ಆಳವಾಗಿ ಕೊಯ್ದು, ಗಾಯಕ್ಕೆ ರಾಸಾಯನಿಕ ಹಚ್ಚಿದರೆ ಆ ವರ್ಷ ಅಂಟು ಧಾರಾಳ, ಆಮೇಲೆ ಗಿಡವೇ ಇರುವುದಿಲ್ಲ. ಅಂಟು ತೆಗೆಯುವಷ್ಟು ದಪ್ಪವಾಗಲು ಅದಕ್ಕೆ ಎಂಟು-ಹತ್ತು ವರ್ಷ ಬೇಕು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಗುಗ್ಗುಲ ಈಗ ಅಳಿವಿನ ತೀರಾ ಅಂಚಿಗೆ ಬಂದ ಸಸ್ಯ. ಎಲೆ ಕಳೆದುಕೊಂಡು ಬದುಕಲು ಕಲಿತ ಗಿಡ ತೊಗಟೆ ಕಳೆದುಕೊಂಡು ಬದುಕಲು ಕಲಿತಿಲ್ಲ.

ನಿಮ್ಮ ಎರಡನೆಯ ಪ್ರಶ್ನೆ, ಮೇಯ್ದರೆ ಮತ್ತೆ ಚಿಗುರುತ್ತದೆಯೇ ಎನ್ನುವುದು. ಚಿಗುರುತ್ತದೆ, ಆದರೆ ಕಿತ್ತ ಎಲೆಯಿಂದ ಗಿಡಕ್ಕೆ ಏನೂ ವಾಪಸು ಬರುವುದಿಲ್ಲವಾದ್ದರಿಂದ, ಎಷ್ಟು ಸಲ, ಎಷ್ಟು ಬಿಡುವು ಕೊಟ್ಟು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಥಾರ್‌ನ ರೈತರು ಇದನ್ನು ಪುಸ್ತಕದಿಂದ ಕಲಿತವರಲ್ಲ. ಸಜ್ಜೆ, ಹೆಸರು, ಮಡಿಕೆಕಾಳು ಕೊಯ್ಲಾದ ಮೇಲೆ ಹೊಲದಲ್ಲಿ ಬೆಳೆದ ಬೋರಡಿಯನ್ನು, ನಮ್ಮ ಬೋರೆಯ ಕುಳ್ಳ ತಮ್ಮನನ್ನು, ನೆಲಮಟ್ಟಕ್ಕೆ ಕತ್ತರಿಸುತ್ತಾರೆ. ಒಣಗಿಸಿ, ಬಡಿದು ಎಲೆ ಉದುರಿಸಿ ಕೂಡಿಡುತ್ತಾರೆ. ‘ಪಾಲಾ’ ಎಂಬ ಆ ಮೇವಿಗೆ ಆಡು, ಕುರಿ, ಒಂಟೆ ಮೂರೂ ಕಾಯುತ್ತವೆ. ಉಳಿದ ಮುಳ್ಳಿನ ಕೊಂಬೆ ಬೇಲಿಗೆ. ಮುಂದಿನ ಮಳೆಗೆ ಬುಡದಿಂದ ಮತ್ತೆ ಪೊದೆ ಏಳುತ್ತದೆ, ಏಕೆಂದರೆ ಬೇರಿನಲ್ಲಿ ಪಿಷ್ಟದ ದಾಸ್ತಾನು ಇದೆ. ವರ್ಷಕ್ಕೆ ಒಮ್ಮೆ ಕಡಿದರೆ ದಾಸ್ತಾನು ತುಂಬಲು ಒಂದು ಮಳೆಗಾಲ ಸಿಗುತ್ತದೆ. ಖೇಜಡಿಯದೂ ಇದೇ ಪದ್ಧತಿ: ಚಳಿಗಾಲದಲ್ಲಿ ಕೊಂಬೆ ಸವರಿ ‘ಲೂಂಗ್’ ಎಂಬ ಎಲೆಮೇವು ಮಾಡಿಕೊಳ್ಳುವುದು. ಬೇಸಿಗೆ ಹೊತ್ತಿಗೆ, ಉಳಿದೆಲ್ಲ ಒಣಗುವಾಗ, ಆಳದ ನೀರಿನ ಬಲದಿಂದ ಅದು ಮತ್ತೆ ಚಿಗುರುತ್ತದೆ.

ಈ ಏರ್ಪಾಡು ಹದ ತಪ್ಪಿದ್ದು ಇತ್ತೀಚಿನ ಕೆಲವು ದಶಕಗಳಲ್ಲಿ. ಮರದ ತಲೆಯನ್ನು ಪ್ರತಿವರ್ಷ ಪೂರ್ತಿ ಬೋಳಿಸಿದರೆ ಹೂವಿಲ್ಲ, ಸಾಂಗ್ರಿಯಿಲ್ಲ, ಬೀಜವಿಲ್ಲ. ದಾಸ್ತಾನು ಕರಗುತ್ತ ಹೋದ ಮರಕ್ಕೆ ಬೇರು ಕೊರೆಯುವ ದುಂಬಿ, ಅದರ ಬೆನ್ನಿಗೇ ಬೇರು ಕೊಳೆಸುವ ಗ್ಯಾನೊಡರ್ಮಾ ಶಿಲೀಂಧ್ರ. ಅಂತರ್ಜಲ ಇಳಿದದ್ದು ಇನ್ನೊಂದು ಏಟು. ಶೇಖಾವಾಟಿ, ನಾಗೌರ್ ಕಡೆಯ ಹೊಲಗಳಲ್ಲಿ ನಿಂತಲ್ಲೇ ಒಣಗಿದ ಖೇಜಡಿಗಳ ಬಗ್ಗೆ ಜೋಧ್‌ಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯವರು ವರ್ಷಗಳಿಂದ ಬರೆಯುತ್ತಿದ್ದಾರೆ. ಪೊದೆಗಳ ಮಟ್ಟಿಗೆ ದೊಡ್ಡ ಶತ್ರು ಆಡಲ್ಲ, ಟ್ರ್ಯಾಕ್ಟರ್ ಎಂದು ನನ್ನ ಅನಿಸಿಕೆ. ಒಂಟೆ ಎಳೆಯುತ್ತಿದ್ದ ನೇಗಿಲು ಬೋರಡಿಯ ಬುಡವನ್ನು ಬಳಸಿಕೊಂಡು ಹೋಗುತ್ತಿತ್ತು. ಡಿಸ್ಕ್ ಹಾಕಿದ ಟ್ರ್ಯಾಕ್ಟರ್ ಬೇರಿನ ಗಡ್ಡೆಯನ್ನೇ ಮೇಲೆತ್ತಿ ಹಾಕುತ್ತದೆ. ಫೋಗ್ ಕೂಡ ಹಾಗೆಯೇ ಹೋಯಿತು, ಅಷ್ಟು ಸಾಲದೆಂಬಂತೆ ಇದ್ದಿಲಿಗಾಗಿ ಅದರ ಬೇರನ್ನೂ ಅಗೆದರು. ಆಡನ್ನು ಬೈಯುವುದು ಸುಲಭ. ಅದಕ್ಕೆ ಬೇರು ಅಗೆಯಲು ಬರುವುದಿಲ್ಲ.

ಇನ್ನು ಚಾಲಕರ ಮಾತು. ಅವರೊಬ್ಬರದಲ್ಲ ಅದು, ಸರ್ಕಾರಿ ಕಾಗದಗಳದೂ ಅದೇ ಮಾತು. ಹಳ್ಳಿಯ ದೇವರಿಗೆ ಬಿಟ್ಟ ‘ಓರಣ’ ಎಂಬ ಕಾವಲುಗಳು ಪಶ್ಚಿಮ ರಾಜಸ್ಥಾನದ ತುಂಬ ಇವೆ. ಅಲ್ಲಿ ದನ ಮೇಯಬಹುದು, ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಕೇರ್, ಬೋರಡಿ, ಖೇಜಡಿಗಳು ಹಳೆಯ ಗಾತ್ರದಲ್ಲಿ ಉಳಿದಿರುವುದು ಇಂಥ ಜಾಗಗಳಲ್ಲಿ. ಆದರೆ ಕಂದಾಯ ದಾಖಲೆಗಳಲ್ಲಿ ಎಷ್ಟೋ ಓರಣಗಳು ‘ಬಂಜರು’. ಬಂಜರು ಎಂದ ಮೇಲೆ ಯಾವುದಕ್ಕೂ ಕೊಡಬಹುದು.

ಉಪಗ್ರಹದ ಕಣ್ಣೂ ಇಲ್ಲಿ ಮೋಸಹೋಗುತ್ತದೆ. ಹಸಿರನ್ನು ಅಳೆಯುವ ಸಾಮಾನ್ಯ ಸೂಚ್ಯಂಕ ನೆಲದಿಂದ ಪ್ರತಿಫಲಿಸುವ ಕೆಂಪು ಬೆಳಕನ್ನೂ ಅದರ ಪಕ್ಕದ ಅತಿಗೆಂಪು ಬೆಳಕನ್ನೂ ಹೋಲಿಸುತ್ತದೆ. ಅಗಲ ಎಲೆಯ ಕಾಡು ಅದರಲ್ಲಿ ಎದ್ದು ಕಾಣುತ್ತದೆ. ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್, ಕೆಲವದರಲ್ಲಿ 30 ಮೀಟರ್ ಚೌಕ. ಅಷ್ಟರಲ್ಲಿ ತೆಳ್ಳನೆಯ ಹಸಿರು ಕಡ್ಡಿಗಳ ಎರಡು ಪೊದೆ, ಉಳಿದದ್ದೆಲ್ಲ ಹೊಳೆಯುವ ಮರಳು. ಯಂತ್ರದ ಲೆಕ್ಕಕ್ಕೆ ಅದು ಬರೀ ಮರಳು. ಮೇ ತಿಂಗಳ ಚಿತ್ರ ಹಿಡಿದು ‘ಸಸ್ಯವಿಲ್ಲ’ ಎಂದು ಬರೆದರೆ ಕೇರ್, ಫೋಗ್, ಗುಗ್ಗುಲ ಮೂರೂ ಒಂದೇ ಸಾಲಿನಲ್ಲಿ ಅಳಿಸಿಹೋಗುತ್ತವೆ. ಅವುಗಳ ಜೊತೆಗೆ ಕೇರ್ ಮತ್ತು ಬೋರಡಿಯ ಹಣ್ಣು ತಿನ್ನುವ ಎರೆಭೂತ ಹಕ್ಕಿಯೂ. ದೇಶದಲ್ಲಿ ಉಳಿದಿರುವ ಎರೆಭೂತಗಳಲ್ಲಿ ಬಹುಪಾಲು ಇರುವುದು ಜೈಸಲ್ಮೇರ್ ಸುತ್ತಮುತ್ತ. ನಿಮ್ಮ ನೆರೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಕಾಣಿಸುವುದು ಬೆರಳೆಣಿಕೆಯಷ್ಟು.

ಎಲೆ ಇಲ್ಲದ ಕಡೆ ಎಲೆ ತರಿಸಬೇಕೆಂಬ ಉತ್ಸಾಹ ಇನ್ನೊಂದು ಬಗೆಯ ಹಾನಿ ಮಾಡಿದೆ. ಮೆಕ್ಸಿಕೊ ಕಡೆಯಿಂದ ಬಂದ, ಸದಾ ಹಸಿರಾಗಿರುವ ಜಾಲಿಯೊಂದನ್ನು ಮರಳು ಹಿಡಿದಿಡಲೆಂದು ಅಲ್ಲಿ ಹರಡಿದರು. 1940ರಲ್ಲಿ ಜೋಧ್‌ಪುರ ಸಂಸ್ಥಾನ ಅದಕ್ಕೆ ರಾಜಮರ್ಯಾದೆಯನ್ನೂ ಕೊಟ್ಟಿತು. ನಮ್ಮಲ್ಲಿ ಅದು ಬಳ್ಳಾರಿ ಜಾಲಿ. ಕೆರೆಯಂಗಳವನ್ನೂ ಗೋಮಾಳವನ್ನೂ ಅದು ನುಂಗಿದ್ದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ವರ್ಷವಿಡೀ ಹಸಿರಾಗಿರುವುದಕ್ಕೆ ವರ್ಷವಿಡೀ ನೀರು ಬೇಕು. ಆ ನೀರು ಕೇರ್‌ಗೂ ಸೇವಣ ಹುಲ್ಲಿಗೂ ಸೇರಬೇಕಾದದ್ದು. ಮರುಭೂಮಿಯನ್ನು ಉಳಿಸುವುದೆಂದರೆ ಅದನ್ನು ಹಸಿರು ಮಾಡುವುದು ಎಂಬ ಗ್ರಹಿಕೆ ಇನ್ನೂ ಹೋಗಿಲ್ಲ.

ಹಾಗೆಂದು ಸೋಲಾರ್ ಬೇಡವೇ? ಹಾಗೆ ಹೇಳುವುದಿಲ್ಲ, ಬಿಸಿಲಿಗೆ ಅಲ್ಲೇನೂ ಕೊರತೆಯಿಲ್ಲ. ಜೋಧ್‌ಪುರದಾಚೆಯ ಭಡ್ಲಾ ಪಾರ್ಕ್ ಒಂದೇ 2,245 ಮೆಗಾವಾಟ್‌ನದು, ಸುಮಾರು 14,000 ಎಕರೆ. ಪ್ಯಾನಲ್ ಕೂರಿಸಲು ನೆಲ ಸಮ ಮಾಡುವಾಗ ಪೊದೆಗಳನ್ನು ಬೇರುಸಹಿತ ಕೀಳುವುದೇ ವಾಡಿಕೆ. ಆಡು ಮೇಯ್ದ ಬೋರಡಿ ಚಿಗುರುತ್ತದೆ, ಜೆಸಿಬಿ ಕಿತ್ತದ್ದು ಚಿಗುರುವುದಿಲ್ಲ. ಕೇಳಬೇಕಾದದ್ದು ಎಲ್ಲಿ ಹಾಕುತ್ತೀರಿ ಎಂದು, ಏನೂ ಬೆಳೆಯದ ನೆಲ ಎಂದು ನಿರ್ಧರಿಸಿದ್ದು ಯಾವ ತಿಂಗಳಲ್ಲಿ ಎಂದು. 1730ರಲ್ಲಿ ಖೇಜಡಿ ಮರಗಳನ್ನು ಅಪ್ಪಿಕೊಂಡು ಪ್ರಾಣ ಕೊಟ್ಟ ಬಿಷ್ಣೋಯಿಗಳ ನಾಡಿನಲ್ಲಿ ಅದೇ ಮರಗಳಿಗಾಗಿ ಈಗ ಮತ್ತೆ ಧರಣಿಗಳು ನಡೆಯುತ್ತಿವೆ, ಈ ಸಲ ಸೋಲಾರ್ ಯೋಜನೆಗಳ ಎದುರು.

2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಓರಣದಂಥ ರಾಜಸ್ಥಾನದ ದೇವರಕಾಡುಗಳನ್ನು ಒಂದೊಂದಾಗಿ ಗುರುತಿಸಬೇಕೆಂದು ಆದೇಶಿಸಿತು. ಉಪಗ್ರಹ ನಕ್ಷೆಯ ಜೊತೆಗೆ ನೆಲದ ಮೇಲೂ ಅಳತೆಯಾಗಬೇಕೆಂದು ಅದರಲ್ಲಿದೆ. ಆ ಎರಡನೆಯ ಮಾತೇ ಮುಖ್ಯ. ಅಳೆಯಲು ಹೋದವರು ಮಳೆಯ ನಂತರ, ಸೆಪ್ಟೆಂಬರ್‌ನಲ್ಲಿ, ಊರಿನ ಕುರಿಗಾಹಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಲಿ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಅನುಮಾನ ಬಂದ ರೆಂಬೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಲಿ: ಕೆಳಗೆ ತೇವದ ಹಸಿರು ಕಂಡರೆ ಅದು ಬದುಕಿರುವ ಗಿಡ, ಪಟ್ಟಿಗೆ ಸೇರಿಸಬೇಕು. ಕಂದು ಬಣ್ಣ ಕಂಡು, ರೆಂಬೆ ಲಟಕ್ಕೆಂದು ಮುರಿದರೂ ಬುಡ ನೋಡದೆ ಸತ್ತಿದೆ ಎಂದು ಬರೆಯಬಾರದು, ಏಕೆಂದರೆ ಬೋರಡಿಯಂಥವು ಮೇಲೆ ಪೂರ್ತಿ ಒಣಗಿದ ಮೇಲೂ ಬೇರಿನಿಂದ ಏಳುತ್ತವೆ.