ಸ್ಟುಡಿಯೋಕ್ಕೆ ಇಳಿದ ಬಿಸಿಲು

ಚಲಚ್ಚಿತ್ರದ ಶೈಶವದಲ್ಲಿ ಛಾಯಾಗ್ರಾಹಕನಿಗೆ ಸೂರ್ಯನೇ ದೀಪ. ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು 1895ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿಸಿದ ಚಿತ್ರಗಳು ಬಯಲಿನ ಬಿಸಿಲಿನಲ್ಲಿ ತೆಗೆದವು. ಜಾರ್ಜ್ ಮೆಲಿಯೆಸ್ 1897ರಲ್ಲಿ ಕಟ್ಟಿಸಿದ ಸ್ಟುಡಿಯೋದ ಗೋಡೆ, ಮಾಡುಗಳೆರಡೂ ಗಾಜಿನವು. ಮುಂದೆ ಪ್ರಬಲವಾದ ವಿದ್ಯುದ್ದೀಪಗಳು ಬಂದಂತೆ ಸ್ಟುಡಿಯೋಗಳು ಬಿಸಿಲಿಗೆ ಬಾಗಿಲಿಕ್ಕಿದವು. ಆ ಹಳೆಯ ದೀಪವನ್ನು ಮತ್ತೆ ಒಳಕ್ಕೆ ಕರೆತಂದವರು ಮೈಸೂರಿನ ವಿ. ಕೆ. ಮೂರ್ತಿಯವರು.

1923ರಲ್ಲಿ ಜನಿಸಿದ ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಅಭ್ಯಸಿಸಿ ಮುಂಬಯಿ ಸೇರಿದರು. ಬೆಂಗಳೂರಿನಲ್ಲಿಯೇ ಹುಟ್ಟಿದ ಗುರುದತ್ತರು ನಿರ್ದೇಶಿಸಿದ 'ಕಾಗಜ್ ಕೆ ಫೂಲ್' (1959) ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರಲ್ಲಿ ಗೀತಾ ದತ್ತ ಹಾಡಿರುವ ಗೀತೆಯೊಂದಕ್ಕೆ, ಕತ್ತಲೆಯ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಒಂದು ಬೆಳಕಿನ ಕೋಲು ಬೇಕಾಗಿತ್ತು.

ಇದಕ್ಕೆ ದೀಪವೇಕೆ ಸಾಲದು? ಹತ್ತಿರದ ದೀಪದ ಕಿರಣಗಳು ದೂರ ಹೋದಂತೆ ಹರಡಿಕೊಳ್ಳುತ್ತವೆ. ಸೂರ್ಯನಾದರೋ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಅವನ ಬಿಂಬವು ನಮ್ಮ ಕಣ್ಣಿನಲ್ಲಿ ಮಾಡುವ ಕೋನ ಅರ್ಧ ಡಿಗ್ರಿ ಮಾತ್ರ. ಆದುದರಿಂದ ಅವನ ಕಿರಣಗಳು ಬಹುಮಟ್ಟಿಗೆ ಸಮಾಂತರ. ಒಂದು ಮೀಟರ್ ಅಗಲದ ಬಿಸಿಲ ಕೋಲು 10 ಮೀಟರ್ ಸಾಗಿದರೂ ಅದರ ಅಗಲ ಸುಮಾರು 9 ಸೆಂಟಿಮೀಟರ್ ಮಾತ್ರ ಹೆಚ್ಚುತ್ತದೆ. ಮೂರ್ತಿಯವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಪ್ರತಿಫಲಿಸಿ ಒಳಕ್ಕೆ ಇಳಿಸಿದರು. ಸಮತಲ ದರ್ಪಣವು ಕಿರಣಗಳ ದಿಕ್ಕನ್ನು ಬದಲಿಸುತ್ತದೆಯೇ ಹೊರತು ಅವುಗಳ ಸಮಾಂತರತೆಯನ್ನು ಕೆಡಿಸುವುದಿಲ್ಲ.

ಆದರೆ ಈ ದೀಪ ನಿಲ್ಲುವುದಿಲ್ಲ. ಭೂಮಿಯ ಭ್ರಮಣದಿಂದ ಸೂರ್ಯನು 4 ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಸರಿದಂತೆ ತೋರುತ್ತಾನೆ. ಅಲುಗದ ಕನ್ನಡಿಯಿಂದ 10 ಮೀಟರ್ ದೂರಕ್ಕೆ ಬಿದ್ದ ಬೆಳಕು ಅಷ್ಟರೊಳಗೆ ಸುಮಾರು 17 ಸೆಂಟಿಮೀಟರಿನಷ್ಟು ಜರುಗಬಹುದು. ಇಂಥ ಬೆಳಕನ್ನು ನೆಚ್ಚಿದವನು ಕ್ಷಣಗಳನ್ನು ಎಣಿಸಬೇಕಾಗುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಂಚಿನ ಮನೆಗಳಲ್ಲಿರುವ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಮಾಡಿನ ಸಂದಿನಿಂದ ಇಳಿಯುವ ಬಿಸಿಲಕೋಲು ಒಲೆಯ ಹೊಗೆ ಸೋಕಿದೊಡನೆ ಎದ್ದು ಕಾಣುತ್ತದೆ. ಬೆಳಕು ತಾನಾಗಿ ಕಾಣುವುದಿಲ್ಲ. ಹೊಗೆಯ ಮತ್ತು ಧೂಳಿನ ಕಣಗಳು ಅದನ್ನು ಚದರಿಸಿ ನಮ್ಮ ಕಣ್ಣಿಗೆ ಕಳುಹಿಸುತ್ತವೆ. ನೆಲದ ಮೇಲೆ ಬಿದ್ದ ಬಿಸಿಲಚುಕ್ಕೆಯ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ನಾಲ್ಕು ನಿಮಿಷ ಕಾಯಿರಿ. ಭೂಮಿ ತಿರುಗಿದುದು ಗೊತ್ತಾಗುವುದು.

ಆ ಚಿತ್ರಕ್ಕೆ ಅಂದು ಜನರು ಒಲಿಯಲಿಲ್ಲ. ಅದರ ಸೋಲಿನ ಬಳಿಕ ಗುರುದತ್ತರು ಮತ್ತೊಂದು ಚಿತ್ರಕ್ಕೆ ನಿರ್ದೇಶಕರೆಂದು ಹೆಸರು ಹಾಕಿಕೊಳ್ಳಲಿಲ್ಲ. ಮೂರ್ತಿಯವರಿಗಾದರೋ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತುದು ಅದೇ ಮೊದಲು. 2014ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಪ್ರತಿಫಲನದ ನಿಯಮವನ್ನು ನಾವೆಲ್ಲರೂ ಪರೀಕ್ಷೆಗಾಗಿ ಕಲಿಯುತ್ತೇವೆ. ಅದೇ ನಿಯಮದಿಂದ ಅವರು ಕತ್ತಲೆಯಲ್ಲಿ ನಿಂತ ಇಬ್ಬರ ಅಗಲಿಕೆಯನ್ನು ಕಣ್ಣಿಗೆ ಕಾಣಿಸಿದರು.